ಲವಂಗದ ತುಪ್ಪ

ಗೋಡೆಯ ಆಚೆಯಿಂದ ಮೊದಲು ಬಳೆಯ ಸದ್ದು ಬಂತು, ಆಮೇಲೆ ಸೀಸೆ ಬಂತು. ಹಳೆಯ ಜೇನುತುಪ್ಪದ ಸೀಸೆ. ಒಳಗೆ ಹಸಿರು ಬಣ್ಣದ ಮಂದ ನೀರು.

"ತಕ್ಕೊ ತಂಗಿ. ಇವತ್ತು ಪುದೀನ ಒಸಿ ಜಾಸ್ತಿ ಆಕಿವ್ನಿ. ಎಣ್ಣ ಅನ್ನೋದು ಒಂದ್ ತೊಟ್ಟಿಲ್ಲ" ಎಂದಳು ಪುಟ್ಟಬಸಮ್ಮ.

ನಾಸಿರಾ ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳ ತೆರೆದು ಮೂಸಿ, "ಅಕ್ಕಾ, ವಾಸನೆಗೇ ಹಸಿವಾಯ್ತು" ಎಂದಳು. ಅಡುಗೆಮನೆಯ ಕಿಟಕಿಯಲ್ಲಿ ಶುಂಠಿ ಕೆರೆಯುತ್ತಾ ಕೂತಿದ್ದ ಇಸ್ಮಾಯಿಲ್ ಸಾಹೇಬರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹಸಿವಾಯಿತಂತೆ! ಸೊಪ್ಪು ಹಿಂಡಿದ ನೀರಿಗೆ!

ಇಸ್ಮಾಯಿಲ್ ಸಾಹೇಬರೆಂದರೆ ಯಾರು? ಗುಂಡ್ಲುಪೇಟೆಯಲ್ಲಿ ಮದುವೆ ಗೊತ್ತಾದರೆ ಕೆಲವರು ಖಾಜಿಯವರಿಗಿಂತ ಮೊದಲು ಇವರ ದಿನ ಕೇಳುತ್ತಿದ್ದರು. ಚಾಮರಾಜನಗರದಿಂದ ಹಿಡಿದು ಆಚೆ ಕೇರಳದ ಬತ್ತೇರಿಯವರೆಗೆ ಇವರ ಬಿರಿಯಾನಿ ಉಂಡು ಬೆರಳು ನೆಕ್ಕದವರಿಲ್ಲ. ಆದರೆ ಅವರ ಕಸುಬಿನಲ್ಲಿ ಒಂದು ವಿಚಿತ್ರ ರೂಢಿಯಿತ್ತು. ದೇಗ್ಚಿ ಎಂಬ ದೊಡ್ಡ ಹಂಡೆಗೆ ಮೆತ್ತಿದ ಹಿಟ್ಟು ಒಡೆದು ಮುಚ್ಚಳ ತೆಗೆದ ಮೇಲೆ ಮೊದಲ ತಟ್ಟೆ ಮದುಮಗನಿಗಲ್ಲ, ನಾಸಿರಾಳಿಗೆ ಹೋಗಬೇಕು. ಮದುವೆ ಊರಲ್ಲೇ ಆದರೆ ಮಗ ಅಮ್ಜದ್ ಬೈಕಿನಲ್ಲಿ ಮನೆಗೆ ಒಯ್ಯುತ್ತಿದ್ದ. ದೂರವಾದರೆ ನಾಸಿರಾಳೇ ಜೊತೆಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತಿರುತ್ತಿದ್ದಳು. ಅವಳು ಒಂದು ತುತ್ತು ತಿಂದು "ನಮಕ್ ಬರಾಬರ್" ಎಂದರೆ, ಅಂದರೆ ಉಪ್ಪು ಸರಿಯಾಗಿದೆ ಎಂದರೆ, ಪಂಕ್ತಿ ಕೂರುತ್ತಿತ್ತು. ಮದುವೆಯಾದ ಹೊಸತರಲ್ಲಿ ಸಾಹೇಬರು ಒಂದು ದೇಗ್ಚಿಗೆ ಎರಡೆರಡು ಸಲ ಉಪ್ಪು ಹಾಕಿ ಮರ್ಯಾದೆ ಕಳೆದುಕೊಂಡಿದ್ದರು. ಅಂದಿನಿಂದ ಕೈ ಅವರದು, ನಾಲಿಗೆ ಅವಳದು.

ಆ ನಾಲಿಗೆಗೆ ಈಗ ಬೀಗ ಬಿದ್ದಿತ್ತು. ನಾಸಿರಾಳ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಆಪರೇಷನ್ ಮಾಡೋಣವೆಂದರೆ ಸಕ್ಕರೆ ಹತೋಟಿಯಲ್ಲಿಲ್ಲ. "ಸಕ್ಕರೆ ಇಳಿಯೋತನಕ ಎಣ್ಣೆ, ತುಪ್ಪ, ಕೊಬ್ಬು ಯಾವುದನ್ನೂ ಮುಟ್ಟಬೇಡಿ. ತರಕಾರಿ, ಕಾಳು, ಹಣ್ಣು, ಅಷ್ಟೇ" ಎಂದು ಚಾಮರಾಜನಗರದ ಡಾಕ್ಟರು ಕಡ್ಡಿ ತುಂಡುಮಾಡಿದ ಹಾಗೆ ಹೇಳಿದ್ದರು. ಈಗ ಮೊದಲ ತಟ್ಟೆಯ ಒಂದು ಅಗುಳನ್ನು ನಾಲಿಗೆಗೆ ಮುಟ್ಟಿಸಿ, ಉಪ್ಪು ಹೇಳಿ ಉಗುಳುತ್ತಿದ್ದಳು, ಅಷ್ಟೇ. ಬರೀ ಸೌತೆಕಾಯಿ, ಕ್ಯಾರೆಟ್ಟು, ಎಲೆಕೋಸು ಅಗಿದು ಅಗಿದು ನಾಸಿರಾ ಅಳುವಂತಾಗಿದ್ದಾಗ ಕೈಹಿಡಿದವಳು ಪಕ್ಕದ ಮನೆಯ ಪುಟ್ಟಬಸಮ್ಮ.

ಭೀಮನಬೀಡಿನ ಹೆಣ್ಣು. ಗಂಡ ನೀಲಕಂಠಸ್ವಾಮಿ ಕೇರಳದ ಲಾರಿಗಳಿಗೆ ತರಕಾರಿ ತುಂಬಿಸುವ ಮಂಡಿ ವ್ಯಾಪಾರಿ. ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಕೆ ಮನೆಯಿಂದ ಎಣ್ಣೆ ಡಬ್ಬವನ್ನೇ ಓಡಿಸಿದ್ದಳು. ಹಸಿ ತರಕಾರಿಯ ಮೇಲೆ ಸುರಿದುಕೊಳ್ಳಲು ಏನೇನೋ ಅರೆದು, ಸೋತು, ಕಲಿತು, ಕೊನೆಗೆ ಈ ಹಸಿರು ನೀರಿಗೆ ಬಂದು ನಿಂತಿದ್ದಳು. ಅವಳ ಮಗಳು ನಯನಾ ಅದಕ್ಕೆ 'ಡ್ರೆಸ್ಸಿಂಗ್' ಅನ್ನುತ್ತಿದ್ದಳು. ಸಾಹೇಬರು ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಒಗ್ಗರಣೆಯೇ ಕಾಣದ ಪದಾರ್ಥಕ್ಕೆ ಹೆಸರು ಬೇರೆ ಕೇಡು.

ಉರಿಗೆ ಇನ್ನೊಂದು ಕಾರಣವೂ ಇತ್ತು, ಅದು ಹಳೆಯದು. ಗೋಡೆ ದಾಟಿ ಈಚೆ ಏನು ಬೇಕಾದರೂ ಬರುತ್ತಿತ್ತು: ಹಬ್ಬಕ್ಕೆ ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳು. ಇಲ್ಲಿಂದ ಆಚೆ ಹೋಗುತ್ತಿದ್ದದ್ದು ಹಣ್ಣು ಮಾತ್ರ. ಈದ್‌ಗೆ ಸಾಹೇಬರು ಶೀರ್‌ಖುರ್ಮಾ ಅನ್ನುವ ಶಾವಿಗೆ ಪಾಯಸ ಮಾಡಿದಾಗಲೂ ಗೋಡೆಯಾಚೆಗೆ ಬಾಳೆಹಣ್ಣಿನ ಚಿಪ್ಪು. ಲಿಂಗ ಕಟ್ಟಿದ ಮನೆ. ಮಾಂಸ ಬೇಯುವ ಒಲೆಯದ್ದು ಅವರಿಗೆ ಆಗುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಊರೆಲ್ಲ ಉಂಡ ಕೈಯನ್ನು ಪಕ್ಕದ ಮನೆ ಉಂಡಿಲ್ಲ. ಈಗ ಆ ಪಕ್ಕದ ಮನೆಯೇ ತನ್ನ ಹೆಂಡತಿಯನ್ನು ಉಣಿಸುತ್ತಿದೆ!

ಒಮ್ಮೆ ಚಾಮರಾಜನಗರಕ್ಕೆ ಹೋದವರು ದೊಡ್ಡ ಅಂಗಡಿಯೊಂದರಿಂದ ಅಂದದ ಬಾಟಲಿ ತಂದರು. ಮೇಲೆ ಎಲೆಗಳ ಚಿತ್ರ, ದಪ್ಪಕ್ಷರದಲ್ಲಿ 'ಫ್ಯಾಟ್ ಫ್ರೀ'. ಮೇಜಿನ ಮೇಲೆ ಕುಕ್ಕಿ, "ನೋಡು, ಕಂಪನಿಯದು. ಗೋಡೆಯ ಮೇಲಿಂದ ಬಂದದ್ದಲ್ಲ" ಎಂದರು. ಮಗಳು ಅಫ್ರೀನ್ ಅದನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದಳು.

"ಅಬ್ಬಾಜಾನ್, ಕೊಬ್ಬಿಲ್ಲ, ನಿಜ. ಆ ಜಾಗಕ್ಕೆ ಸಕ್ಕರೆ ತುಂಬಿದ್ದಾರೆ. ಉಪ್ಪೂ ಬೇಕಾದಷ್ಟಿದೆ. ಅಮ್ಮಿಗೆ ಇದು ವಿಷ."

"ಪುಟ್ಟಬಸಮ್ಮಕ್ಕ ಮೊದಲೇ ಹೇಳಿದ್ದರು. ಮುಂದಿನ ದೊಡ್ಡಕ್ಷರ ನಂಬಬೇಡ, ಹಿಂದಿನದನ್ನ ಓದಿಸು ಅಂತ" ಎಂದು ನಾಸಿರಾ ನಕ್ಕಳು. ಗಾಯದ ಮೇಲೆ ಬರೆ. ಬಾಟಲಿ ಕಪಾಟಿನ ಹಿಂದೆ ಸೇರಿತು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನಾಸಿರಾ ಗೋಡೆಯ ಹತ್ತಿರ ಹರಟುತ್ತಿದ್ದಳು. ಸಾಹೇಬರು ಫ್ರಿಜ್ ತೆರೆದರು. ಹಸಿರು ಸೀಸೆ ಮೊಮ್ಮಗುವಿನಂತೆ ಮುಂದಿನ ಸಾಲಿನಲ್ಲೇ ಕೂತಿತ್ತು. ಒಲೆಯ ಪಕ್ಕದಲ್ಲಿ ಅವರ ತುಪ್ಪದ ಡಬ್ಬ. ಬೆಣ್ಣೆ ಕಾಯಿಸುವಾಗ ಲವಂಗವನ್ನು ಹಾಕಿ ಘಮ ಬರಿಸುವುದು ಅವರ ಉಸ್ತಾದರಿಂದ ಬಂದ ಕ್ರಮ. ಒಂದೇ ಒಂದು ಚಮಚ, ಅಂದುಕೊಂಡರು. ರುಚಿ ಅಂದರೆ ಏನು ಅಂತ ಅವಳಿಗೆ ನೆನಪಾಗಲಿ. ಒಂದು ಚಮಚಕ್ಕೆ ಯಾರೂ ಸಾಯುವುದಿಲ್ಲ. ಬಿಸಿಯಾದ ತುಪ್ಪ ಸುರಿದು ಮುಚ್ಚಳ ಹಾಕಿ ಜೋರಾಗಿ ಅಲ್ಲಾಡಿಸಿದರು. ಹೊಟ್ಟೆಕಿಚ್ಚಿನವನ ಲೆಕ್ಕ ಯಾವಾಗಲೂ ಅವನಿಗೆ ಸರಿಯಾಗಿಯೇ ಕಾಣುತ್ತದೆ.

ನಾಸಿರಾ ಬಂದು ಊಟಕ್ಕೆ ಕೂತಳು. ಹೆಚ್ಚಿದ ತರಕಾರಿಯ ಮೇಲೆ ಸುರಿದುಕೊಂಡು ಮೊದಲ ತುತ್ತು ಬಾಯಿಗಿಟ್ಟಳು. ಅವಳ ದವಡೆ ಒಂದು ಗಳಿಗೆ ನಿಂತಿತು. ಕಣ್ಣೆತ್ತಿ ಗಂಡನನ್ನು ನೋಡಿದಳು. ಮತ್ತೆ ಅಗಿಯತೊಡಗಿದಳು.

"ಹೇಗಿದೆ?" ಎಂದರು ಸಾಹೇಬರು, ಸುಮ್ಮನೆ ಕೇಳಿದ ಹಾಗೆ.

"ಇವತ್ತು ಬಹಳ ರುಚಿಯಾಗಿದೆ."

ಇನ್ನಷ್ಟು ಸುರಿದುಕೊಂಡು, ತಟ್ಟೆಗೆ ಅಂಟಿದ್ದನ್ನೂ ಕ್ಯಾರೆಟ್ಟಿನಿಂದ ಬಳಿದು ತಿಂದಳು. ಸಾಹೇಬರಿಗೆ ಗೆದ್ದ ಹಿಗ್ಗು ಬರಬೇಕಾಗಿತ್ತು. ಬರಲಿಲ್ಲ. ತುಪ್ಪ ತನ್ನದು, ಹೊಗಳಿಕೆ ಮಾತ್ರ ನೇರ ಗೋಡೆಯಾಚೆಗೆ ಹೋಯಿತಲ್ಲ ಎಂದು ಇನ್ನೂ ಉರಿಯಿತು.

ಸಂಜೆಗೆ ನೋವು ಶುರುವಾಯಿತು. ಬಲಪಕ್ಕೆಯಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ. ನಾಸಿರಾ ಬಾಯಿಗೆ ದುಪಟ್ಟಾ ತುರುಕಿಕೊಂಡು ನೆಲದಲ್ಲಿ ಮುದುಡಿದಳು. ಅಮ್ಜದ್ ಕಾರು ತಂದ. ಚಾಮರಾಜನಗರದ ದಾರಿಯುದ್ದಕ್ಕೂ ಅವಳ ತಲೆ ಸಾಹೇಬರ ತೊಡೆಯ ಮೇಲೆ. ಒಂದು ಚಮಚಕ್ಕೆ ಯಾರೂ ಸಾಯುವುದಿಲ್ಲ, ಯಾ ಅಲ್ಲಾ, ಯಾರೂ ಸಾಯುವುದಿಲ್ಲ ಎಂದು ಅವರು ತುಟಿಯೊಳಗೇ ಅನ್ನುತ್ತಿದ್ದರು. ಅದೀಗ ಲೆಕ್ಕವಾಗಿರಲಿಲ್ಲ, ಬೇಡಿಕೆಯಾಗಿತ್ತು.

"ಕೊಬ್ಬಿನದು ಏನೋ ತಿಂದಿದ್ದಾರೆ" ಎಂದರು ಡಾಕ್ಟರು, ಇಂಜೆಕ್ಷನ್ನಿಗೆ ನೋವು ಇಳಿದ ಮೇಲೆ. ಮಾರನೆಯ ದಿನ ಬಟ್ಟೆ ತರಲು ಮನೆಗೆ ಹೋದ ಅಮ್ಜದ್ ಸೀಸೆಯನ್ನೂ ಹಿಡಿದುಕೊಂಡು ಬಂದ. ಫ್ರಿಜ್ಜಿನ ತಂಪಿಗೆ ತುಪ್ಪ ಮೇಲೆದ್ದು ಹೆಪ್ಪುಗಟ್ಟಿ, ಹಸಿರಿನ ಮೇಲೆ ಬಿಳಿ ಬಿಲ್ಲೆಯ ಹಾಗೆ ಕೂತಿತ್ತು.

ಅದೇ ಹೊತ್ತಿಗೆ ಪುಟ್ಟಬಸಮ್ಮ ಬಸ್ಸು ಹಿಡಿದು ಆಸ್ಪತ್ರೆಗೆ ಬಂದಳು, ಕೈಯಲ್ಲಿ ಎಳನೀರು. ಅಫ್ರೀನ್ ಸೀಸೆಯನ್ನು ಅವಳ ಮುಖದ ಮುಂದೆ ಹಿಡಿದಳು.

"ಆಂಟಿ, ಇದೇನು? ಎಣ್ಣೆ ಇಲ್ಲ ಅಂತ ಹೇಳಿ ಇದನ್ನಾ ಕೊಡೋದು?"

ಪುಟ್ಟಬಸಮ್ಮ ಬಗ್ಗಿ ನೋಡಿದಳು. "ನಾನಾಕಿಲ್ಲ ಕಣಮ್ಮಿ. ನಮ್ಮನೇಲಿ ತುಪ್ಪನೇ ಇಲ್ಲ. ನಮ್ ಯಜಮಾನ್ರಿಗ ಮಾಡಿದ್ರಲ್ಲೇ ಅರ್ಧ ಉಯ್ದ್ಕೊಟ್ಟಿವ್ನಿ."

"ಮತ್ತೆ ಅದು ಆಕಾಶದಿಂದ ಬಿತ್ತಾ?"

ಪುಟ್ಟಬಸಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಸಾಹೇಬರು ಆ ಗಳಿಗೆಯಲ್ಲೇ ತಮ್ಮ ಅಂಗಿಯ ತೋಳು ಮೂಸಿಕೊಂಡರು, ತುಪ್ಪದ ವಾಸನೆ ಉಳಿದಿದೆಯೇನೋ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಬಾಯಿ ಮಾತ್ರ ಬಿಡಲಿಲ್ಲ. ಆಕೆ ಎಳನೀರನ್ನು ಮಂಚದ ಕಾಲಿನ ಹತ್ತಿರ ಇಟ್ಟು, ಸೆರಗು ಹೊದ್ದು ಹೊರಟುಹೋದಳು.

ಮಕ್ಕಳು ಔಷಧಿ ತರಲು ಹೋದಾಗ ನಾಸಿರಾ ಕಣ್ಣು ತೆರೆದಳು.

"ತುಪ್ಪಕ್ಕೆ ಲವಂಗ ಹಾಕಿ ಕಾಯಿಸೋರು ನಮ್ಮ ಬೀದಿಯಲ್ಲಿ ಯಾರಿದ್ದಾರೆ ಜೀ?"

ಸಾಹೇಬರು ಮಂಚದ ಹತ್ತಿರ ಬಗ್ಗಿದರು. "ನಿನಗೆ ಯಾವಾಗ ಗೊತ್ತಾಯಿತು?"

"ಮೊದಲ ತುತ್ತಿಗೆ."

"ಗೊತ್ತಾಗಿಯೂ ತಿಂದೆಯಾ? ಹುಚ್ಚಿ, ಯಾಕೆ ತಿಂದೆ?"

"ನಿಮ್ಮ ಕೈದು ತಿಂದು ಎಷ್ಟು ದಿನ ಆಗಿತ್ತು" ಎಂದಳು ನಾಸಿರಾ. ಆಮೇಲೆ, "ತಿಂದದ್ದು ನನ್ನ ತಪ್ಪು, ನೋವು ನಾನು ತಿಂದೆ. ಅಕ್ಕ ಏನು ತಪ್ಪು ಮಾಡಿದ್ದರು? ನೀವೇ ಹೋಗಿ ಹೇಳಬೇಕು. ಹೇಳೋತನಕ ನಿಮ್ಮ ಯಾವ ದೇಗ್ಚಿಯ ಉಪ್ಪನ್ನೂ ನಾನು ನೋಡೋದಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮನೆಗೆ ಬಂದ ಮೇಲೆ ಗೋಡೆ ಬರೀ ಗೋಡೆಯಾಯಿತು. ಬಳೆಯ ಸದ್ದಿಲ್ಲ, ಸೀಸೆಯಿಲ್ಲ. ಸಾಹೇಬರು ಬಯಸಿದ್ದು ಇದನ್ನೇ ಅಲ್ಲವೇ? ನಾಸಿರಾ ಒಣ ಸೌತೆಕಾಯಿ ಕಡಿಯುತ್ತಿದ್ದಳು, ಕಡಿಯುವ ಸದ್ದು ಮನೆಯೆಲ್ಲ ಕೇಳುತ್ತಿತ್ತು. ಉಡಿಗಾಲದ ಹತ್ತಿರ ಒಂದು ಮದುವೆಗೆ ಹೋಗಿ ದೇಗ್ಚಿಯ ಮುಚ್ಚಳ ತೆಗೆದವರು, ಸೌಟು ಹಿಡಿದು ಹಾಗೇ ನಿಂತರು. ಯಾರಿಗೆ ಕೊಡುವುದು ಮೊದಲ ತಟ್ಟೆ? ತಾವೇ ಒಂದು ಅಗುಳು ನಾಲಿಗೆಗೆ ಹಾಕಿಕೊಂಡರು. ಏನೂ ತಿಳಿಯಲಿಲ್ಲ. ಉಂಡವರು ಹೊಗಳಿದರು; ಆ ಹೊಗಳಿಕೆಯ ಮೇಲೂ ನಂಬಿಕೆ ಹುಟ್ಟಲಿಲ್ಲ.

ಮರುದಿನ ಅವರು ಪಕ್ಕದ ಮನೆಯ ಗೇಟು ತೆಗೆದರು. ಪುಟ್ಟಬಸಮ್ಮ ಜಗುಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ತಲೆಯೆತ್ತಲಿಲ್ಲ.

"ಅಮ್ಮಾರೆ, ತುಪ್ಪ ಹಾಕಿದ್ದು ನಾನು."

ಸೊಪ್ಪಿನ ಮೇಲಿನ ಕೈ ನಿಂತಿತು. "ಯಾಕ?"

"ಹೊಟ್ಟೆಕಿಚ್ಚು."

"ನನ್ ಮ್ಯಾಲಾ?"

"ನಿಮ್ಮ ಸೀಸೆ ಮೇಲೆ."

ಪುಟ್ಟಬಸಮ್ಮ ನಗುತ್ತಾಳೆಂದು ಅವರಿಗೆ ಒಂದು ಆಸೆಯಿತ್ತು. ಅವಳು ನಗಲಿಲ್ಲ. "ಗಡ್ಡ ಬೆಳ್ಳಗಾಯ್ತು, ಬುದ್ಧಿ ಬರ್ನಿಲ್ವಲ್ಲ ಇಸ್ಮಾಯಿಲಣ್ಣ. ನಿಮ್ ಮಗಳು ಅಷ್ಟ್ ಜನರ ಮುಂದ ನನ್ ಸುಳ್ಳಿ ಮಾಡ್ಬುಟ್ಲು. ನೀವು ಕಲ್ಲಂಗ ನಿಂತಿದ್ರಿ. ನಮ್ ಯಜಮಾನ್ರೂ ಒಂದಿನ ಕೇಳ್ಬುಟ್ರು, ನಿಜ ಯೋಳು, ನನ್ನದುಕ್ಕೂ ತುಪ್ಪ ಆಕ್ತಿದ್ದಿಯಾ ಅಂತ. ನನ್ ಕೈ ಮ್ಯಾಲ ಅವ್ರಿಗೂ ಅನುಮಾನ ಬಂದೋಯ್ತು."

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಅಫ್ರೀನ್‌ಗೆ ಹೇಳಿದ್ದೇನೆ. ಅವಳು ಬಂದು ಕ್ಷಮೆ ಕೇಳ್ತಾಳೆ. ನೀಲಕಂಠಸ್ವಾಮಿಯವರಿಗೂ ನಾನೇ ಹೇಳ್ತೇನೆ."

"ಯೋಳಿ. ಮಂಡಿಗೇ ಓಗಿ ಯೋಳಿ." ಆಕೆ ಮತ್ತೆ ಸೊಪ್ಪು ಕೈಗೆತ್ತಿಕೊಂಡಳು. "ಇನ್ನ ನಾ ಮಾಡ್ಕೊಡಕಿಲ್ಲ. ನಾಸಿರಾ ತಂಗಿ ಒಣ ತರಕಾರಿ ತಿನ್ನೋದ ಕೇಳುಸ್ಕಳಕೂ ಆಗಕಿಲ್ಲ. ಮಾಡೋದ ಯೋಳ್ತಿನಿ, ನೀವೇ ಮಾಡಿ. ಉರಿಗಡಲ ಒಂದಿಡಿ. ಕಾಯಿ ಬ್ಯಾಡ, ಕಡ್ಲಕಾಯ್ಬೀಜ ಬ್ಯಾಡ, ಅದ್ರಲ್ಲೂ ಎಣ್ಣ ಅದ. ಟಮಾಟ ಕೆಂಡದಲ್ಲಿ ಸುಡಿ. ಜೀರಗ ಬರೀ ಬಾಣಲೇಲಿ ಉರೀರಿ. ಸೊಪ್ಪು, ಶುಂಠಿ, ಮೆಣಸಿನಕಾಯಿ. ನಿಂಬ ಅಣ್ಣು ಕಡೇಲಿ."

"ಉಪ್ಪು?"

"ಅದು ನಿಮ್ ಕೈಗ ಬುಟ್ಟಿದ್ದು."

ಸಾಹೇಬರು ಮೊದಲು ಮಂಡಿಗೆ ಹೋಗಿ ಬಂದರು. ಆಮೇಲೆ ಮನೆಯಲ್ಲಿ ಮಿಕ್ಸಿಯ ಜಾರನ್ನು ಹುಣಸೆಹಣ್ಣು, ಸೀಗೆಪುಡಿ ಹಾಕಿ ಉಜ್ಜಿದರು, ತುಪ್ಪದ ನೆನಪೂ ಉಳಿಯಬಾರದೆಂದು. ಟೊಮೆಟೊ ಸುಟ್ಟರು, ಜೀರಿಗೆ ಹುರಿದರು. ಒಗ್ಗರಣೆಯ ಸೌಟಿಗೆ ಕೈ ತಾನಾಗಿ ಹೋದಾಗಲೆಲ್ಲ ಹಿಂದಕ್ಕೆಳೆದುಕೊಂಡರು. ಬಟ್ಟಲು ತಂದು ನಾಸಿರಾಳ ಮುಂದಿಟ್ಟು, ದೇಗ್ಚಿಯ ಮುಂದೆ ನಿಲ್ಲುವಂತೆ ಕೈಕಟ್ಟಿ ನಿಂತರು.

ನಾಸಿರಾ ಎಲೆಕೋಸಿನ ಎಸಳಿಗೆ ಅದ್ದಿ ತಿಂದಳು. ಇನ್ನೊಂದು ಎಸಳು ಅದ್ದಿದಳು.

"ನಮಕ್ ಬರಾಬರ್."

ಸಾಹೇಬರು ಮುಖ ತಿರುಗಿಸಿ ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಅವಳು ಜೇನುತುಪ್ಪದ ಸೀಸೆಯನ್ನು ತೊಳೆದು ತಂದು ಅರ್ಧ ಅದಕ್ಕೆ ತುಂಬಿಸುತ್ತಿದ್ದಳು.

"ಗೋಡೆ ಮೇಲೆ ಇಟ್ಟು ಬನ್ನಿ."

"ನಮ್ಮನೇದು ಅವರು ತಿಂತಾರಾ? ಸುಮ್ಮನೆ ಯಾಕೆ ಅವಮಾನ?"

"ಸೀಸೆ ಅವರದು. ಖಾಲಿ ಸೀಸೆ ವಾಪಸು ಕೊಡಬಾರದು."

ಇಟ್ಟು ಬಂದರು. ಇಟ್ಟವರು ಕಿಟಕಿ ಬಿಡಲಿಲ್ಲ. ಸೀಸೆ ಬಿಸಿಲಲ್ಲಿ ಬಹಳ ಹೊತ್ತು ಕೂತಿತ್ತು, ಒಂದು ಕಾಗೆ ಬಂದು ನೋಡಿ ಹೋಯಿತು. ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಇರಲಿಲ್ಲ. ಬೆಳಿಗ್ಗೆ ನೋಡಿದರೆ ತೊಳೆದ ಸೀಸೆ ಗೋಡೆಯ ಮೇಲೆ ಬೋರಲಾಗಿತ್ತು, ಪಕ್ಕದಲ್ಲಿ ಒಂದು ಹಿಡಿ ಕರಿಬೇವು. ತಿಂದರೋ, ಮೋರಿಗೆ ಚೆಲ್ಲಿದರೋ? ತೊಳೆದ ಸೀಸೆ ಏನೂ ಹೇಳುವುದಿಲ್ಲ. ಸಾಹೇಬರು ಅದನ್ನು ಎತ್ತಿ ಮೂಸಿಯೂ ನೋಡಿದರು.

"ಇಸ್ಮಾಯಿಲಣ್ಣ" ಎಂದಿತು ಗೋಡೆಯಾಚೆಯ ದನಿ. ಬಳೆಯ ಸದ್ದಿನ ಜೊತೆಗೆ ಸೊಪ್ಪು ಕೊಡವುವ ಸದ್ದು. "ನಮ್ ಯಜಮಾನ್ರು ಚೆಂದಾಗಿ ಅದ ಅಂದ್ರು. ನನ್ ಬಾಯ್ಗ ಕೇಳುದ್ರ, ಉಪ್ಪು ಒಂದ್ ಕಲ್ಲು ಕಮ್ಮಿ."

ಸಾಹೇಬರ ಮೈಯೆಲ್ಲ ಉರಿದುಹೋಯಿತು. ನಾಸಿರಾ ಸರಿಯೆಂದ ಉಪ್ಪು ಕಮ್ಮಿಯಂತೆ! ಮದುವೆಯ ಮನೆಗಳಲ್ಲಿ ಇಂದಿನವರೆಗೆ ಒಬ್ಬರೂ ಆಡದ ಮಾತು! ಸೀಸೆಯನ್ನು ಎದೆಗೆ ಹಿಡಿದು ಒಳಗೆ ಬಂದರು. ಬಟ್ಟಲಿನ ತಳದಲ್ಲಿ ನಿನ್ನೆಯದು ಒಂದಿಷ್ಟು ಉಳಿದಿತ್ತು. ಬೆರಳಿನಿಂದ ಬಳಿದು ನಾಲಿಗೆಗೆ ಹಚ್ಚಿಕೊಂಡರು. ಮತ್ತೊಮ್ಮೆ ಹಚ್ಚಿಕೊಂಡರು. ನಡುಮನೆಯಲ್ಲಿ ನಾಸಿರಾ ಕ್ಯಾರೆಟ್ಟು ಹೆಚ್ಚುತ್ತಿದ್ದಳು. ಸಾಹೇಬರು ಡಬ್ಬದಿಂದ ಒಂದು ಕಲ್ಲುಪ್ಪು ತೆಗೆದು ಎರಡು ಬೆರಳ ನಡುವೆ ಹಿಡಿದುಕೊಂಡು, ಬಟ್ಟಲಿನ ಮೇಲೆ ಕೈ ಚಾಚಿ ನಿಂತೇ ಇದ್ದರು.