ತಾರಸಿಯ ನಡುವೆ ಬಿದ್ದ ತೂತು

ಏಣಿ ಹತ್ತುವ ಮುಂಚೆ ಒಂದು ಮಾತು ಕೇಳಿ, ಮೇಸ್ತ್ರಿಗಳೇ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಬಾಯಲ್ಲಿ ಹುಳ ಬೀಳಲಿ. ತಾರಸಿಯ ನಡುವಿನ ತೂತು ಮುಚ್ಚಿ, ಅದರ ಪೈಪು ಕಿತ್ತುಹಾಕಿ ಅಂತ ನಿಮ್ಮನ್ನು ಕರೆಸಿದವರು ನಮ್ಮ ಭಾವನವರು. ತೂತು ಹೊಡೆದವಳು ಅವರ ಹೆಂಡತಿ, ನನ್ನ ಅಕ್ಕ.

ಈ ಮನೆ ಕಟ್ಟಿಸಿದ್ದು ಭಾವನವರ ಅಪ್ಪ. ಆ ಕಾಲದ ಹೊಸ ಫ್ಯಾಷನ್ನು: ರಸ್ತೆಗೆ ಮುಖ ಮಾಡಿದ ಉದ್ದಾನುದ್ದ ಗಾಜಿನ ಗೋಡೆ, ಅದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದಂಥ ಚಪ್ಪಟೆ ತಾರಸಿ. ಮರದ ತೊಲೆ, ಹಲಗೆ, ಮೇಲೊಂದು ಡಾಂಬರು ಹಾಳೆ. ನೀರು ಹೋಗಲು ಮೂಲೆಯಲ್ಲೊಂದು ಬಾಯಿ, ಅದಕ್ಕೆ ಜಾಲರಿ. ಆ ಜಾಲರಿಯನ್ನು ಭಾವನವರು ಪ್ರತಿ ಭಾನುವಾರ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಅದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು, ಅಷ್ಟು ಹೊಳಪು.

ನೀರು ಮಾತ್ರ ಅತ್ತ ಸುಳಿಯಲಿಲ್ಲ. ವರ್ಷ ಕಳೆದಂತೆ ತೊಲೆಗಳು ನಡುವೆ ಬಗ್ಗಿ, ಮೂಲೆಯ ಬಾಯಿಯೇ ಇಡೀ ತಾರಸಿಯಲ್ಲಿ ಎತ್ತರದ ಜಾಗವಾಗಿತ್ತು. ನೀರು ಗುಡ್ಡ ಹತ್ತುತ್ತದೆಯೇ? ನಡುವೆಯೇ ನಿಂತಿತು. ಸೋರಿದಾಗಲೆಲ್ಲ ಭಾವನವರು ಇನ್ನೊಂದು ಪದರ ಡಾಂಬರು ಹಾಕಿಸಿದರು. ಆ ಭಾರಕ್ಕೆ ತೊಲೆ ಇನ್ನಷ್ಟು ಬಗ್ಗಿತು, ನೀರು ಇನ್ನಷ್ಟು ನಿಂತಿತು. ಕಪ್ಪೆ ಬಂದವು. ಬಾತುಕೋಳಿಗಳು ಬಂದು ಸಂಸಾರ ಹೂಡಿದವು. ಜಾಲರಿಯ ಹತ್ತಿರ ಪುಕ್ಕ ಉದುರಿಸಬೇಡಿ ಅಂತ ಭಾವನವರು ಅವುಗಳನ್ನು ಗದರುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಆ ಕೊಳದ ನೇರ ಕೆಳಗೆ ಅಕ್ಕನ ಹೊಲಿಗೆ ಕೋಣೆ. ಈ ಮನೆಯ ಒಲೆ ಉರಿಯುವುದು ಅವಳ ಮಿಷನ್ನಿನಿಂದ. ಜಾಲರಿ ತಿಕ್ಕಿದ್ದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಬಟ್ಟೆ ಕತ್ತರಿಸುವ ಮೇಜನ್ನು ಅವಳು ಬೆಕ್ಕು ಮರಿ ಸಾಗಿಸಿದ ಹಾಗೆ ಮೂಲೆಯಿಂದ ಮೂಲೆಗೆ ಸಾಗಿಸಿದಳು. ನಡುವೆ ಒಂದು ಪೈಪು ಇಳಿಸಿ ಅಂತ ಬೇಡಿಕೊಂಡಳು. ಪೈಪು ಗಾಜಿನಲ್ಲಿ ರಸ್ತೆಗೆ ಕಾಣುತ್ತದೆ, ಅಪ್ಪನ ಮನೆಯ ಅಂದ ಕೆಡುತ್ತದೆ ಅಂದರು ಇವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ತಿಂಗಳು ಒಬ್ಬ ಗಿರಾಕಿಯ ಬಿಳಿ ಕೋಟಿಗೆ ಕೊನೆಯ ಗುಂಡಿ ಹೊಲಿಯುತ್ತಿದ್ದಳು. ಕೋಟಿನ ಬೆನ್ನಿನ ಮೇಲೆ ಟಪಕ್ಕನೆ ಕರೀ ನೀರು ಬಿತ್ತು. ಆ ಹೆಂಗಸು ಎದುರೇ ನಿಂತಿದ್ದಳು. ಮಾರನೆಯ ದಿನ ಅವಳ ನೆಂಟರು, ಅಕ್ಕಪಕ್ಕದವರು ಎಲ್ಲ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ವಾಪಸ್ ಒಯ್ದರು. ಮಿಷನ್ನು ನಿಂತಿತು. ಭಾವನವರು ಮೇಲೆ ಹೋಗಿ ನೋಡಿ ಬಂದು, ಕುರ್ಚಿಯಲ್ಲಿ ಕೂತು ಹೇಳಿದ್ದು ಇಷ್ಟೇ:

"ಜಾಲರಿ ಕ್ಲೀನಾಗೇ ಇದೆಯಲ್ಲೇ."

ಅಕ್ಕ ಎದ್ದಳು. ಹೋಗಿ ಹಾರೆ ತಂದಳು.

"ಇನ್ಮೇಲೆ ಆ ಜಾಲರೀನೇ ಬೇಯಿಸ್ಕೊಂಡು ತಿನ್ನಿ," ಅಂದವಳೇ ಮೇಜು ಹತ್ತಿ, ಬಸುರಿ ಹೊಟ್ಟೆಯಂತೆ ಇಳಿಬಿದ್ದಿದ್ದ ಹಲಗೆಗೆ ಕೆಳಗಿನಿಂದ ಒಂದೇ ಸಲ ತಿವಿದಳು.

ಕೆರೆ ಕೋಡಿ ಬಿದ್ದಂತೆ ನೀರು ಬಿತ್ತು, ಮೇಸ್ತ್ರಿಗಳೇ. ಭಾವನವರು ಕುರ್ಚಿ ಸಮೇತ ಬಾಗಿಲವರೆಗೆ ತೇಲಿದರು. ನೀರಿನ ಹಿಂದೆಯೇ ಒಂದು ಬಾತುಕೋಳಿ ಇಳಿದು ಮೇಜಿನ ಮೇಲೆ ಕೂತಿತು. ಈ ಮನೆಯಲ್ಲಿ ಅವತ್ತು ತಲೆ ನೆಟ್ಟಗಿದ್ದದ್ದು ಅದಕ್ಕೊಂದಕ್ಕೇ. ಆಮೇಲೆ ಅಕ್ಕನೇ ಆ ತೂತಿಗೆ ಪೈಪು ಕೂರಿಸಿದಳು. ಅವತ್ತಿನಿಂದ ಕೋಣೆಯಲ್ಲಿ ಒಂದು ಹನಿ ಬಿದ್ದಿಲ್ಲ. ಗಿರಾಕಿಗಳು ಮತ್ತೆ ಬರತೊಡಗಿದ್ದಾರೆ.

ಅದನ್ನೇ ಈಗ ಮುಚ್ಚಬೇಕಂತೆ, ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಚೆಂದ ಕಾಣಲಿ ಅಂತ. ಮುಚ್ಚಿ, ನಾನು ಬೇಡ ಅನ್ನುವವನಲ್ಲ. ತೊಲೆಗಳ ವಿಷಯ ಅವರು ನಿಮಗೆ ಹೇಳಿರಲಾರರು. ಅಕ್ಕನ ವಿಷಯವನ್ನೂ ಹೇಳಿರಲಾರರು. ಅವಳು ಒಳಗೇ ಇದ್ದಾಳೆ, ತೂತಿನ ನೇರ ಕೆಳಗೆ, ಮಿಷನ್ನಿಗೆ ಹಾರೆ ಒರಗಿಸಿಕೊಂಡು. ಮೇಲೆ ನಿಮ್ಮ ಹೆಜ್ಜೆ ಸದ್ದಾಯಿತು ಅಂದರೆ ಅವಳು ಮೊದಲು ಮಾಡುವುದು ಏನಪ್ಪಾ ಅಂದರೆ... ಅಲ್ಲ, ಏಣಿ ಹೊತ್ತುಕೊಂಡು ವಾಪಸ್ ಯಾಕೆ ಹೊರಟಿರಿ? ಇನ್ನೂ ಮುಗಿದಿಲ್ಲ, ಮೇಸ್ತ್ರಿಗಳೇ, ಅವಳು ಆ ಹಾರೆಯನ್ನು ಹೀಗೆ ಎರಡೂ ಕೈಯಲ್ಲಿ...