ಹದಿನಾಲ್ಕನೇ ವಾರ್ಡಿನ ಸೊನ್ನೆ

ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಭಾವ ಅವಳನ್ನು ಮನೆತನದ ಲಾಂಡ್ರಿಯಿಂದ ಹೊರಗೆ ಹಾಕಿದ. ಹನ್ನೆರಡು ವರ್ಷ ಅಲ್ಲಿನ ಆವಿಯಲ್ಲಿ ಬೆಂದವಳು ಅವಳು. “ನಿಂಗೆ ಇಸ್ತ್ರಿ ಹಿಡಿಯೋಕೆ ಬರತ್ತೆ, ವ್ಯಾಪಾರ ಹಿಡಿಯೋಕೆ ಬರಲ್ಲ,” ಎಂದು ಕೆಲಸದವರೆದುರೇ ಬೀಗದಕೈ ಕಿತ್ತುಕೊಂಡ. ಅವಳು ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು.

ಹಿಂದೊಮ್ಮೆ ಆರ್ಥಿಕ ಗಣತಿಯವನೊಬ್ಬ ಲಾಂಡ್ರಿಗೆ ಬಂದು, ಏನು ಕೆಲಸ, ಎಷ್ಟು ಜನ ಎಂದು ಬರೆದುಕೊಂಡಿದ್ದ. ಇದನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತಾರೆ, ಯಾರು ಬೇಕಾದರೂ ನೋಡಬಹುದು ಎಂದಿದ್ದ. ತಾನೇ ಒಂದು ಲಾಂಡ್ರಿ ಹಾಕಲು ಜಾಗ ಹುಡುಕುತ್ತಿದ್ದವಳಿಗೆ ಅದು ನೆನಪಾಗಿ, ಅಂಕಿಅಂಶ ಕಚೇರಿಯ ಮೆಟ್ಟಿಲು ಹತ್ತಿದಳು.

ಗುಮಾಸ್ತ ದಪ್ಪ ಪುಸ್ತಕದ ಧೂಳು ಕೊಡವಿ ಮುಂದಿಟ್ಟ. ವಾರ್ಡಿಗೊಂದು ಪಟ್ಟಿ. ಹದಿನಾಲ್ಕನೇ ವಾರ್ಡಿಗೆ ಬಂದಾಗ ಅವಳ ಬೆರಳು ನಿಂತಿತು. ಲಾಡ್ಜ್ ಮೂವತ್ತೆಂಟು, ನರ್ಸಿಂಗ್ ಹೋಂ ಒಂಬತ್ತು, ಲಾಂಡ್ರಿ ಸೊನ್ನೆ.

“ಅಚ್ಚಿನ ತಪ್ಪಲ್ಲ ತಾನೇ, ಸಾರ್?”

“ಸೊನ್ನೆ ಅಂದ್ರೆ ಸೊನ್ನೇನೇ, ಅಮ್ಮ. ಆದ್ರೆ ಇದು ಮೂರು ವರ್ಷದ ಹಿಂದಿನ ಲೆಕ್ಕ. ಒಂದ್ಸಲ ನಡೆದು ನೋಡ್ಕೊಂಡು ಬನ್ನಿ.”

ಎರಡು ದಿನ ಬೀದಿ ಬೀದಿ ಸುತ್ತಿದಳು. ಲಾಂಡ್ರಿ ಈಗಲೂ ಇರಲಿಲ್ಲ. ಚಾದರ ಎಲ್ಲಿಗೆ ಕೊಡುತ್ತೀರಿ ಎಂದು ಕೇಳಿದಲ್ಲೆಲ್ಲ ಊರಿನ ಆಚೆ ತುದಿಯಲ್ಲಿ ಲಾಂಡ್ರಿ ಇಟ್ಟಿದ್ದ ಭಾವನ ಹೆಸರೇ ಬಂತು. ಕೊಟ್ಟ ಬಟ್ಟೆ ಮರಳಲು ನಾಲ್ಕು ದಿನವಂತೆ. ಗಿರಾಕಿಗಳ ವಿಷಯವನ್ನು ಭಾವ ಇಷ್ಟು ವರ್ಷ ಯಾರ ಕಿವಿಗೂ ಹಾಕಿರಲಿಲ್ಲ. ಅವಳ ಹೊಟ್ಟೆ ಅಂದು ಮೊದಲ ಸಲ ತಣ್ಣಗಾಯಿತು.

ಇದ್ದಬದ್ದದ್ದನ್ನು ಮಾರಿ ಲಾಡ್ಜ್‌ಗಳ ಹಿಂಬದಿಯಲ್ಲೇ ಒಂದು ಶೆಡ್ಡು ಹಿಡಿದಳು. ಇವತ್ತು ಕೊಟ್ಟರೆ ನಾಳೆ ವಾಪಸ್ಸು. ವರ್ಷ ತುಂಬುವಷ್ಟರಲ್ಲಿ ಮೂವತ್ತೊಂದು ಲಾಡ್ಜ್‌ಗಳು ಇತ್ತ ತಿರುಗಿದವು.

ಭಾವ ಬಂದ. ಅವಳು ಕುರ್ಚಿ ತೋರಿಸಲಿಲ್ಲ; ಅವನು ಮಾಸಿದ ಚಾದರದ ಗಂಟಿನ ಮೇಲೆ ಕೂತ.

“ಅರ್ಧದಷ್ಟು ಲಾಡ್ಜ್‌ಗಳನ್ನಾದ್ರೂ ಬಿಟ್ಕೊಡಮ್ಮ. ಒಂದೇ ಮನೆಯವರಲ್ವಾ ನಾವು?”

“ಈಗ ಒಂದೇ ಮನೇನಾ, ಭಾವ? ನಂಗೆ ಗೊತ್ತೇ ಇರ್ಲಿಲ್ಲ.”

“ಈ ಜಾಗ ನಿಂಗೆ ಯಾರು ಹೇಳಿದ್ರು?”

“ಸರ್ಕಾರದವರು.”

ತನ್ನನ್ನು ಆಡಿಕೊಳ್ಳುತ್ತಿದ್ದಾಳೆಂದು ಅವನು ಮುಖ ಗಂಟಿಕ್ಕಿ ಎದ್ದುಹೋದ.

ವಾರದೊಳಗೆ ಅವನ ಹೆಂಡತಿ, ಅಂದರೆ ಇವಳ ವಾರಗಿತ್ತಿ, ಬಂದಳು. ಇಸ್ತ್ರಿಯಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ.

“ನಂಗೂ ಇಲ್ಲೇ ಕೆಲಸ ಕೊಡು, ತಂಗಿ. ಅವರ ಬೈಗುಳ ಕೇಳಿ ಸಾಕಾಗಿದೆ.”

“ಭಾವಂಗೆ ಗೊತ್ತಾ, ಅಕ್ಕ?”

“ಗೊತ್ತಾಗ್ಲಿ ಅಂತಾನೇ ಹಗಲು ಹೊತ್ತಲ್ಲಿ ಬಂದೆ.”

ಬೀದಿಗೆ ಮುಖ ಮಾಡಿದ್ದ ಇಸ್ತ್ರಿ ಮೇಜನ್ನೇ ಅವಳು ವಾರಗಿತ್ತಿಗೆ ಕೊಟ್ಟಳು. ಭಾವ ಮತ್ತೆಂದೂ ಆ ಬೀದಿಗೆ ಕಾಲಿಡಲಿಲ್ಲ. ಅವಳು ಮಾತ್ರ, ಒಂದು ದಿನವಾದರೂ ಹಾದುಹೋಗಲಿ ಎಂದು, ಕಾಯುವುದನ್ನು ಬಿಡಲಿಲ್ಲ.