ಮಾವನ ನಂತರದ ಸ್ಲಾಟ್

ಮೂಲೆ ಖಾಲಿಯಿತ್ತು.

ಪರದೆಯ ಬಲಗಡೆಯ ಮೇಲಿನ ಮೂಲೆ. ರಕ್ತದ ಕೋಶಗಳು ಯಂತ್ರದೊಳಗೆ ಕೂದಲೆಳೆಯಂಥ ಧಾರೆಯಲ್ಲಿ ಒಂದರ ಹಿಂದೊಂದು ಹೋಗುತ್ತವೆ, ಲೇಸರ್ ಬೆಳಕಿಗೆ ಸಿಕ್ಕ ಒಂದೊಂದು ಕೋಶಕ್ಕೂ ಪರದೆಯ ಮೇಲೆ ಒಂದೊಂದು ಚುಕ್ಕಿ ಬೀಳುತ್ತದೆ. ಹಸಿರು ಬಣ್ಣವನ್ನೂ ಕೆಂಪು ಬಣ್ಣವನ್ನೂ ಹಿಡಿದ ಕೋಶವಾದರೆ ಅದರ ಚುಕ್ಕಿ ಆ ಮೂಲೆಗೆ ಬೀಳಬೇಕು. ಸಾವಿರಾರು ಕೋಶಗಳಲ್ಲಿ ಅಂಥವು ಬೆರಳೆಣಿಕೆ. ಆ ಬೆರಳೆಣಿಕೆಯೇ ಅವಳ ಪಿಎಚ್‌ಡಿ. ಕಾಯಿಲೆಬಿದ್ದ ಮಕ್ಕಳ ರಕ್ತದಲ್ಲಿ ಅವು ಇರುತ್ತವೆ, ಆರೋಗ್ಯವಂತರಲ್ಲಿ ಇರುವುದಿಲ್ಲ ಎಂದು ಅವಳು ತೋರಿಸಿದ್ದಳು. ಅದನ್ನು ನೋಡಿಯೇ ಬೇರೆ ಊರಿನ ದೊಡ್ಡ ಲ್ಯಾಬೊಂದು ಅವಳಿಗೆ ಕೆಲಸ ಕೊಟ್ಟಿತ್ತು. ಮುಂದಿನ ತಿಂಗಳು ಹೋಗಿ ಸೇರುವುದಿತ್ತು. ಅಣ್ಣನ ಮನೆಯಲ್ಲಿ ಅವಳು ಇಷ್ಟು ವರ್ಷ ಮಲಗಿದ ಕೋಣೆಯನ್ನು ಮಗಳಿಗೆ ಕೊಡುವುದೆಂದು ಅತ್ತಿಗೆ ಗೋಡೆಗೆ ಬಣ್ಣವನ್ನೂ ಆರಿಸಿದ್ದಳು.

"ಏನೇ, ಕೊನೇ ಬಸ್ಸು ಕಾಯೋರ ಥರ ಕೂತಿದ್ದೀಯ?" ಎಂದಳು ಅಕ್ಕ. ಯಂತ್ರ ನೋಡಿಕೊಳ್ಳುವ ಆಪರೇಟರನ್ನು ಎಲ್ಲ ಲ್ಯಾಬಿನವರೂ ಅಕ್ಕ ಎಂದೇ ಕರೆಯುತ್ತಿದ್ದರು.

"ಬರ್ತಿಲ್ಲ ಅಕ್ಕ."

"ಬಣ್ಣ ಹಚ್ಚೋದು ಮರೆತಿರ್ತೀಯ. ನಿದ್ದೆಗೆಟ್ಟ ಮುಖ ನೋಡು."

ಮರೆತಿರಲಿಲ್ಲ. ಬಣ್ಣ ಸರಿಯಿದೆಯೇ ಎಂದು ನೋಡುವ ಟ್ಯೂಬುಗಳನ್ನು ಹಾಕಿದಳು. ಹಸಿರು ಹಸಿರಾಗಿಯೇ ಬಂತು, ಕೆಂಪು ಕೆಂಪಾಗಿಯೇ. ರೋಗಿಯ ಟ್ಯೂಬನ್ನು ಮತ್ತೆ ಹಾಕಿದಳು. ಮಿಕ್ಕ ಚುಕ್ಕಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಮೂಲೆಗೆ ಒಂದೂ ಬರಲಿಲ್ಲ.

ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ. ಯಂತ್ರ ಬಿಸಿಯಾಗಬಾರದೆಂದು ಎಸಿ ಸದಾ ಓಡುತ್ತದೆ. ಬಾಗಿಲ ಹಿಂದೆ ಒಂದು ಸ್ವೆಟರ್ ನೇತಾಡುತ್ತದೆ. ಯಾರದೆಂದು ಯಾರಿಗೂ ಗೊತ್ತಿಲ್ಲ, ಎಲ್ಲರೂ ಹಾಕಿಕೊಳ್ಳುತ್ತಾರೆ, ಯಾರೂ ಒಗೆಯುವುದಿಲ್ಲ. ಅವಳು ಅದನ್ನು ಹಾಕಿಕೊಂಡೇ ಕೂತಿದ್ದಳು.

"ಮಷಿನ್ ಮೇಲೆ ಮಾತ್ರ ತಪ್ಪು ಹೊರಿಸ್ಬೇಡ," ಎಂದಳು ಅಕ್ಕ. "ಇವತ್ತು ಲಕಲಕ ಅಂತಿದೆ. ಎರಡು ಸಲ ಬ್ಲೀಚ್ ಓಡಿಸಿ ತೊಳೆದಿದ್ದೀನಿ. ನಿಮ್ಮ ಮಾವ ಇಲ್ವಲ್ಲ, ಬೆಳಿಗ್ಗೆ ಪೂರ್ತಿ ಪುರುಸೊತ್ತು."

ಮಾವ ಯಾರ ಮಾವನೂ ಅಲ್ಲ. ಪಕ್ಕದ ಲ್ಯಾಬಿನ ಸೀನಿಯರ್. ಪಿಎಚ್‌ಡಿ ಮುಗಿಸದೆ ಅಲ್ಲೇ ಬೇರುಬಿಟ್ಟಿದ್ದಕ್ಕೆ ಹುಡುಗರು ಇಟ್ಟ ಹೆಸರು. ಆಸ್ಪತ್ರೆಯಿಂದ ರಕ್ತ ಬರುವ ದಿನ ಯಂತ್ರದಲ್ಲಿ ಮೊದಲು ಅವನ ಸ್ಲಾಟ್, ಅವನ ಹಿಂದೆಯೇ ಅವಳದು. ಎರಡು ವರ್ಷ ಹಾಗೇ ನಡೆದಿತ್ತು. ಅವನು ಓಡಿಸುವುದು ತಟ್ಟೆಯಲ್ಲಿ ಬೆಳೆಸಿದ ಕೋಶ, ಅವಳು ರಕ್ತ. ಇಬ್ಬರೂ ನೋಡುವುದು ಅದೇ ಎರಡು ಬಣ್ಣ, ಹಾಗಾಗಿ ಅವನು ಸೆಟ್ಟಿಂಗ್ ಬದಲಿಸದೆ ಯಂತ್ರವನ್ನು ಓಡುತ್ತಿರುವಂತೆಯೇ ಬಿಟ್ಟು ಎದ್ದುಹೋಗುತ್ತಿದ್ದ. ಅವಳು ಐಸ್ ಡಬ್ಬಿ ಹಿಡಿದು ಬಂದವಳೇ ಅದೇ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. ಮಕ್ಕಳ ರಕ್ತ ಸಿಗುವುದೇ ಚೂರು, ಬೇಗ ಕೆಡುತ್ತದೆ. ಅದಕ್ಕೆ ಮೊದಲ ಟ್ಯೂಬು ಯಾವತ್ತೂ ರೋಗಿಯದು, ಆರೋಗ್ಯವಂತರದು ಕೊನೆಗೆ. ಕಳೆದ ವಾರ ಮಾವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದ.

ಅವಳು ಕಾರಿಡಾರಿಗೆ ಬಂದು ಅವನಿಗೆ ಫೋನ್ ಮಾಡಿದಳು.

"ಏನಮ್ಮಾ, ಬದುಕಿದ್ದೀನಾ ಅಂತ ನೋಡೋಕಾ?" ಎಂದ ಮಾವ. "ನನ್ನ ಕೋಶಗಳಿಗೆ ಊಟ ಹಾಕ್ತಿದ್ದೀಯ ತಾನೆ? ಅವು ಸತ್ರೆ ಇನ್ನೊಂದು ಕಾಲೂ ಮುರ್ಕೊಂಡ ಹಾಗೆ."

"ಹಾಕ್ತಿದ್ದೀನಿ. ಮಾವ, ನಿನ್ನ ಸ್ಲಾಟ್ ಮುಗಿದ ಮೇಲೆ ಬ್ಲೀಚ್ ಓಡಿಸ್ತಿದ್ದೆಯಾ?"

"ನಿನ್ನ ದಿನಾನಾ? ಇಲ್ವಲ್ಲ."

"ಒಂದು ಸಲಾನೂ?"

"ನೀನೇ ತಾನೆ ಬೇಡ ಅಂದಿದ್ದು? ತೊಳೀತಾ ಕೂತ್ರೆ ನನ್ನ ಮಕ್ಕಳ ರಕ್ತ ಕೆಡುತ್ತೆ ಮಾವ ಅಂತ ಮುಖ ಸಣ್ಣದು ಮಾಡ್ಕೊಂಡು ನಿಂತಿದ್ದೆ. ಯಾಕೆ, ಏನಾಯ್ತು?"

"ನಿನ್ನ ಕೋಶ ಎರಡೂ ಬಣ್ಣ ಬೆಳಗುತ್ವಲ್ಲ."

"ಹೂಂ. ಹಸಿರೂ ಕೆಂಪೂ. ಹಾಗಂತಾನೇ ಬೆಳೆಸಿರೋದು..." ಮಾವ ನಿಲ್ಲಿಸಿದ. ಅವನ ಹಿಂದೆ ಯಾರೋ ಪಾತ್ರೆ ಇಟ್ಟ ಸದ್ದು ಕೇಳಿಸಿತು. "ಲೇ. ಹಾಗಾಗಿರಲ್ಲ ಬಿಡೇ. ಎರಡು ವರ್ಷ ಕಣೇ."

"ನಿಂದೊಂದು ಚೂರು ತಗೊಳ್ಳಲಾ?"

"ತಗೋ," ಎಂದ. ಆಮೇಲೆ ಅವನೂ ತಮಾಷೆ ಮಾಡಲಿಲ್ಲ.

ಇನ್‌ಕ್ಯುಬೇಟರಿನಿಂದ ಮಾವನ ಕೋಶಗಳನ್ನು ತಂದು, ಅವನು ಓಡಿಸುತ್ತಿದ್ದಷ್ಟೇ ಹೊತ್ತು ಓಡಿಸಿದಳು. ಮೂಲೆ ತುಂಬಿಹೋಯಿತು. ತೊಳೆಯಲಿಲ್ಲ. ಬೇರೆ ಟ್ಯೂಬಿನಲ್ಲಿ ಬರೀ ಉಪ್ಪುನೀರು ತುಂಬಿ ಯಂತ್ರಕ್ಕೆ ಸಿಕ್ಕಿಸಿದಳು. ಅದರಲ್ಲಿ ರಕ್ತವಿರಲಿಲ್ಲ, ಮಗುವಿರಲಿಲ್ಲ, ಕಾಯಿಲೆಯಿರಲಿಲ್ಲ.

ಚುಕ್ಕಿಗಳು ಬಂದವು. ಅದೇ ಮೂಲೆ, ಹೆಚ್ಚುಕಡಿಮೆ ರೋಗಿಗಳ ರಕ್ತದಲ್ಲಿ ಕಾಣುತ್ತಿದ್ದಷ್ಟೇ. ಈ ಕೋಶಗಳು ರಕ್ತದ ಬೇರೆ ಕೋಶಗಳಿಗಿಂತ ಅಸಹಜವಾಗಿ ದೊಡ್ಡವು ಎಂದು ಅವಳು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧದಲ್ಲಿ ಒಂದು ಪುಟ ಬರೆದಿದ್ದಳು. ಇವೂ ದೊಡ್ಡವೇ. ಎರಡನೇ ಉಪ್ಪುನೀರಿನಲ್ಲಿ ಕಡಿಮೆಯಾದವು. ಆಮೇಲಿನದರಲ್ಲಿ ಹುಡುಕಬೇಕಾಯಿತು. ಕೊನೆಗೆ ಹಾಕುತ್ತಿದ್ದ ಆರೋಗ್ಯವಂತರ ರಕ್ತದಲ್ಲಿ ಅವು ಯಾಕಿರುತ್ತಿರಲಿಲ್ಲ ಎಂದು ಇನ್ನು ಯಾರನ್ನೂ ಕೇಳಬೇಕಿರಲಿಲ್ಲ.

"ಅಯ್ಯೋ, ಬಂತಲ್ಲೇ!" ಎಂದಳು ಅಕ್ಕ ಹಿಂದಿನಿಂದ. "ಸುಮ್ನೆ ಹೆದರಿಸಿದೆ."

ಅವಳು ಯಂತ್ರಕ್ಕೆ ಬ್ಲೀಚ್ ಓಡಿಸಿದಳು. ಮೊದಲಿನಿಂದ ಮತ್ತೊಮ್ಮೆ ಮಾಡಿದಳು. ಮತ್ತೂ ಒಮ್ಮೆ ಮಾಡಿದಳು. ಮುಂದಿನ ಸ್ಲಾಟಿನವನು ಬಂದು ಬಾಗಿಲಲ್ಲಿ ಕೆಮ್ಮಿದ.

ಅವಳ ಗೈಡ್ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿಟ್ಟುಕೊಂಡಿದ್ದರು. ಅವಳು ಮುಂದಿಟ್ಟ ಪರದೆಯ ಚಿತ್ರಗಳನ್ನು ನೋಡಿ ಡಬ್ಬಿ ಮುಚ್ಚಿದರು. ಎದ್ದುಹೋಗಿ ಬಾಗಿಲನ್ನೂ ಮುಚ್ಚಿಬಂದರು.

"ಹಳೇ ಸ್ಯಾಂಪಲ್ ಏನಾದ್ರೂ ಉಳಿದಿದೆಯಾ?"

"ಇಲ್ಲ ಸರ್. ಅವತ್ತಿಂದು ಅವತ್ತೇ ಮುಗೀತಿತ್ತು."

"ಅದೇ ಮಕ್ಕಳನ್ನ ಮತ್ತೆ ಕರೆಸಿದ್ರೆ?"

"ಎಷ್ಟೋ ಮಕ್ಕಳು ಈಗಿಲ್ಲ ಸರ್."

ಗೈಡ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮತ್ತೆ ಇಲ್ಲವೇ ಇಲ್ಲ ಅಂತ ಹೇಗೆ ಹೇಳ್ತೀಯ? ನಿಜವಾದವೂ ಒಂದಿಷ್ಟು ಇದ್ದಿರಬಹುದು."

"ಇವತ್ತಿನ ಮಗು ರಕ್ತದಲ್ಲಿ ಒಂದೂ ಇಲ್ಲ ಸರ್."

"ಒಂದೇ ಒಂದು ಮಗು ಅದು."

"ತೊಳೆದ ಮಷಿನ್‌ನಲ್ಲಿ ನೋಡಿದ್ದೂ ಆ ಒಂದನ್ನೇ."

ಹೊರಗೆ ಯಾರೋ ಬಾಗಿಲು ತಟ್ಟಿದರು. "ಆಮೇಲೆ ಬಾ," ಎಂದು ಗೈಡ್ ಕೂಗಿದರು. ದನಿ ತಗ್ಗಿಸಿ ಹೇಳಿದರು, "ನೋಡಮ್ಮ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ಮೊದಲು ಹೋಗಿ ಕೆಲಸಕ್ಕೆ ಸೇರ್ಕೋ. ಅಲ್ಲಿ ನಿಧಾನಕ್ಕೆ ಗೊತ್ತಾಯ್ತು ಅಂದ್ರಾಯ್ತು."

"ಅಲ್ಲಿ ಮೊದಲ ವಾರವೇ ಇದನ್ನ ಮಾಡಿ ತೋರಿಸು ಅಂತಾರೆ ಸರ್. ಅಲ್ಲಿ ಮಾವ ಇಲ್ಲ."

ಗೈಡ್‌ಗೆ ನಗು ಬಂತು. ಒಂದೇ ಉಸಿರಿನ ನಗು. ಅದು ಮುಗಿದ ಮೇಲೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಪ್ರಬಂಧದಲ್ಲಿ ಅವರ ಹೆಸರೂ ಇತ್ತು.

ಕೆಲಸ ಕೊಟ್ಟಿದ್ದ ಲ್ಯಾಬಿಗೆ ಮೇಲ್ ಅವಳೇ ಬರೆದಳು. ಸುತ್ತಿಬಳಸಿ ಬರೆಯಲು ನೋಡಿದಳು, ಆಗಲಿಲ್ಲ. ನಾನು ತೋರಿಸಿದ ಕೋಶಗಳು ರೋಗಿಗಳವಲ್ಲ, ಯಂತ್ರದಲ್ಲಿ ಉಳಿದಿದ್ದ ಬೇರೊಬ್ಬರ ಕೋಶಗಳು ಎಂದು ಬರೆದು ಕಳಿಸಿದಳು. ಅವಳು ಬಸ್ಸಿನಲ್ಲಿದ್ದಾಗ ಉತ್ತರ ಬಂತು. ಅವಳ ಪ್ರಾಮಾಣಿಕತೆಯನ್ನು ಮೆಚ್ಚಿದ್ದರು. ಆ ಹುದ್ದೆ ಆ ಕೋಶಗಳ ಮೇಲಿನ ಕೆಲಸಕ್ಕೆಂದೇ ಇದ್ದದ್ದು, ಈಗ ಹುದ್ದೆಯೇ ಇಲ್ಲವೆಂದು ತಿಳಿಸಿದ್ದರು. ಮುಂದಕ್ಕೆ ಒಳ್ಳೆಯದಾಗಲಿ ಎಂದಿದ್ದರು.

ಮನೆಯಲ್ಲಿ ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಅವಳು ಬಾಗಿಲಲ್ಲೇ ನಿಂತು ಹೇಳಿದಳು. ಅತ್ತಿಗೆಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು.

"ಅಂದ್ರೆ ನೀನು ಕಂಡುಹಿಡಿದಿದ್ದು ಕಳೆದುಹೋಯ್ತಾ?"

"ಇರಲೇ ಇಲ್ಲ ಅತ್ತಿಗೆ."

"ಎರಡು ವರ್ಷ ನೋಡಿದ್ದು ಮತ್ತೇನು?"

"ಅವನ ಎಂಜಲು ಅಂದ್ಕೋ."

ಅತ್ತಿಗೆ ಚಾಕು ಕೆಳಗಿಟ್ಟಳು. "ಅವನ ಮೇಲೆ ಕಂಪ್ಲೇಂಟ್ ಕೊಡೋಕಾಗಲ್ವಾ?"

"ಬೇಡ ಅಂದಿದ್ದು ನಾನು."

ನಡುಮನೆಯಲ್ಲಿ ಟಿವಿ ನೋಡುತ್ತಿದ್ದ ಅಣ್ಣ ಅಲ್ಲಿಂದಲೇ ಕೂಗಿದ, "ಇನ್ನೊಂದು ಏನಾದ್ರೂ ಹುಡುಕಿದ್ರಾಯ್ತು ಬಿಡೇ. ರಕ್ತದಲ್ಲಿ ಅದೊಂದೇನಾ ಇರೋದು?"

"ನೀವು ಸುಮ್ನಿರಿ," ಎಂದಳು ಅತ್ತಿಗೆ. ಚಾಕು ಎತ್ತಿಕೊಂಡು ಅವಳ ಕಡೆ ನೋಡದೆಯೇ ಕೇಳಿದಳು, "ಹಾಗಾದ್ರೆ ಕೋಣೆಗೆ ಬಣ್ಣ ಹೊಡೆಸೋಕೆ ಇನ್ನೂ ಎಷ್ಟು ದಿನ ಆಗ್ಬಹುದು?" ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಗೊತ್ತಿಲ್ಲ."

ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು. ಅದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಅವಳಿಗೆ ಹೊಸ ವಿಷಯ ಕೊಡುವುದೋ, ಇರುವುದರಲ್ಲೇ ಸಣ್ಣ ಡಿಗ್ರಿ ಕೊಟ್ಟು ಕಳಿಸುವುದೋ ಎಂದು ತೀರ್ಮಾನಿಸಲು ಒಂದು ಸಮಿತಿ ಸೇರಬೇಕಿತ್ತು. ಸಮಿತಿಯ ಒಬ್ಬರು ಊರಲ್ಲಿರಲಿಲ್ಲ. ಇನ್ನೊಬ್ಬರಿಗೆ ಸಮಯವಿರಲಿಲ್ಲ. ಅಲ್ಲಿಯವರೆಗೆ ಸುಮ್ಮನೆ ಕೂರಬೇಡವೆಂದು ಗೈಡ್ ಪಕ್ಕದ ಲ್ಯಾಬಿನವರ ಜೊತೆ ಮಾತಾಡಿದರು. ಮಾವನ ಕಾಲಿಗೆ ಇನ್ನೊಂದು ಆಪರೇಷನ್ ಆಗಬೇಕಂತೆ. ಅವನ ಕೆಲಸ ಯಾರಾದರೂ ಮುಂದುವರಿಸಬೇಕಿತ್ತು, ಆ ಕೋಶಗಳನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಹಾಗಾಗಿ ಈಗ ಬೆಳಿಗ್ಗೆ ಬಂದು ಮೊದಲು ಅವನ್ನೇ ನೋಡುತ್ತಾಳೆ. ಹಳೆಯ ದ್ರವ ಹೀರಿ ತೆಗೆದು ಹೊಸದು ಹಾಕುತ್ತಾಳೆ, ತಟ್ಟೆ ತುಂಬಿದ್ದರೆ ಎರಡು ತಟ್ಟೆಗೆ ಹಂಚುತ್ತಾಳೆ. ಮಕ್ಕಳ ರಕ್ತ ತರಿಸುವುದು ನಿಂತಿದೆ. ಆಸ್ಪತ್ರೆಯ ನರ್ಸ್ ಒಮ್ಮೆ ಫೋನ್ ಮಾಡಿ, ಒಂದು ಮಗು ಬಂದಿದೆ, ತಾಯಿ ಒಪ್ಪಿದ್ದಾಳೆ, ಕಳಿಸಲೇ ಎಂದು ಕೇಳಿದಳು.

"ಬೇಡ ಸಿಸ್ಟರ್."

"ಈ ವಾರ ಬೇಡ್ವಾ, ಇಲ್ಲ ಇನ್ನು ಮೇಲೆ ಬೇಡ್ವಾ?"

"ಇನ್ನು ಮೇಲೆ."

"ತಾಯಿಗೆ ಏನು ಹೇಳ್ಲಿ?"

ಅವಳ ಕೈಯಲ್ಲಿ ಮಾವನ ತಟ್ಟೆಯಿತ್ತು. ಬೆಳಕಿಗೆ ಹಿಡಿದರೆ ತಳದಲ್ಲಿ ದಟ್ಟವಾಗಿ ಬೆಳೆದದ್ದು ಕಾಣುತ್ತಿತ್ತು. ಇವತ್ತೇ ಹಂಚಬೇಕಿತ್ತು.

"ಮುಗೀತು ಅಂತ ಹೇಳಿ," ಎಂದಳು.